ಪಾದದ ವೈದ್ಯ ವಿದ್ಯೆ



2023ರ ದೀಪಾವಳಿಯ ದಿನ. ಬಸದಿಯಲ್ಲಿ ನಿರ್ವಾಣ ಲಾಡು ಏರಿಸಿ ಬಂದು, ಅಂಗಡಿಯ ವಹಿಪೂಜೆಗೆ ಸಿದ್ಧತೆ ನಡೆಸಿದ್ದೆವು. ಅಷ್ಟರಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ಫೋನು ಬಂತು. ನಮ್ಮ ಅಣ್ಣನ ಮಗ ಅಲ್ಲಿ ಇಂಜಿನಿಯರ್. ಅವನ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಮುಂದೆ ಡಾಕ್ಟರಕಿ ಓದುವಳೆಂದು ನಮಗೆಲ್ಲ ತಿಳಿದಿತ್ತು. ಆದರೆ ಆ ದಿನ ಅವಳು ಹೇಳಿದ ಹೆಸರನ್ನು ನಾವು ಹಿಂದೆ ಕೇಳಿರಲಿಲ್ಲ: ಪೋಡಿಯಾಟ್ರಿ.

"ಅಂದರ ಏನವ್ವಾ?" ಎಂದು ಕೇಳಿದೆವು.

"ಕಾಲು, ಚಿಕ್ಕಜ್ಜಾ. ಪಾದದ ಡಾಕ್ಟರ್" ಎಂದಳು.

ಪಕ್ಕದಲ್ಲಿ ಕುಳಿತಿದ್ದ ನಮ್ಮ ವೈನಿಯವರ ಮುಖ ಸಣ್ಣದಾಯಿತು. ಫೋನು ಇಟ್ಟ ಮೇಲೆ, "ಅಷ್ಟು ದೂರ ಹೋಗಿ, ಅಷ್ಟು ರೊಕ್ಕಾ ಸುರುವಿ, ಮಂದಿ ಕಾಲು ಹಿಡಿಯೋದನ್ನ ಕಲೀತಾಳೇನು?" ಎಂದರು. ಎಂಟು ದಿನದಲ್ಲಿ ಸುದ್ದಿ ಬೀಗರ ಮನೆಗೂ ಮುಟ್ಟಿತು. ಸಾಂಗ್ಲಿ ಕಡೆಯ ಒಂದು ಮನೆತನದವರು ಹುಡುಗಿಯ ಬಗ್ಗೆ ವಿಚಾರಿಸುತ್ತಿದ್ದರು. ಅವರು ಯಾರ ಮೂಲಕವೋ "ಅದು ಖರೇ ಡಾಕ್ಟರಕಿ ಅಲ್ಲಂತಲ್ಲ?" ಎಂದು ಕೇಳಿಸಿದರು.

ನಾವು ಮ್ಯಾಟ್ರಿಕ್ ತನಕ ಓದಿದವರು. ಅಕ್ಕಲಕೋಟ ತಾಲೂಕಿನಲ್ಲಿ ತೊಗರಿ, ಜೋಳದ ಅಡತಿ ಅಂಗಡಿ ನಡೆಸಿಕೊಂಡು ಬಂದವರು. ಆದರೆ ಚೀಲದೊಳಗಿನ ಮಾಲು ಕೈಗೆ ತೆಗೆದು ನೋಡದೆ ದರ ಹೇಳಬಾರದೆಂಬುದು ನಮ್ಮ ತಂದೆಯವರು ಕಲಿಸಿದ ಪಾಠ. ಹಾಗಾಗಿ ಈ ವಿದ್ಯೆ ಏನು, ಎಷ್ಟು ವರ್ಷ, ಖರ್ಚೆಷ್ಟು, ಫಲವೇನು ಎಂದು ಕೇಳಿ, ಓದಿ ತಿಳಿದುಕೊಂಡೆವು. ಇಂದು ನಮ್ಮ ಬಹಳ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ನಾಳೆ ಇಂಥ ಪ್ರಶ್ನೆ ನಿಮ್ಮ ಮನೆಯಲ್ಲೂ ಬರಬಹುದೆಂದು ಇದನ್ನು ಬರೆಯುತ್ತಿದ್ದೇವೆ.

ಅಣ್ಣನ ಕಾಲು

ಮೊದಲು ಮನೆಯ ಮಾತು. ಅಣ್ಣನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ರೋಗವಿತ್ತು. 2010ರ ಮಹಾವೀರ ಜಯಂತಿಯ ದಿನ ಪಲ್ಲಕ್ಕಿಯ ಜೊತೆಗೆ ಬರಿಗಾಲಲ್ಲಿ ಊರು ಸುತ್ತಿದ. ಚೈತ್ರದ ಬಿಸಿಲು, ಡಾಂಬರು ರಸ್ತೆ, ನಡುಮಧ್ಯಾಹ್ನ. ಉಳಿದ ನಾವೆಲ್ಲ ನೆರಳು ಹುಡುಕಿ ಕುಣಿಯುತ್ತ ನಡೆದೆವು. ಅಣ್ಣ ಮಾತ್ರ ಶಾಂತವಾಗಿ ನಡೆದ. ಅದನ್ನು ನಾವು ಭಕ್ತಿ ಎಂದುಕೊಂಡೆವು. ಅವನ ಪಾದಕ್ಕೆ ಸ್ಪರ್ಶವೇ ಉಳಿದಿರಲಿಲ್ಲವೆಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅಂಗಾಲಿನಲ್ಲಿ ಬೊಕ್ಕೆ ಎದ್ದದ್ದು ನಾಲ್ಕು ದಿನದ ಮೇಲೆ, ಧೋತರಕ್ಕೆ ಕಲೆ ಹತ್ತಿದಾಗ ಕಣ್ಣಿಗೆ ಬಿತ್ತು. ಒಂದು ದವಾಖಾನೆಯಲ್ಲಿ ಮೂರು ವಾರ ಪಟ್ಟಿ ಕಟ್ಟಿಸಿದೆವು. ದಿನಾ ಪಟ್ಟಿ ಬದಲಾಯಿಸಿದರು. ಆದರೆ ಆ ಕಾಲಿನ ಮೇಲೆ ಭಾರ ಹಾಕಬೇಡಿರಿ ಎಂದು ಯಾರೂ ಹೇಳಲಿಲ್ಲ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಯಾರೂ ನೋಡಲಿಲ್ಲ. ಅಣ್ಣ ಅದೇ ಕಾಲಿನಲ್ಲಿ ಅಂಗಡಿಗೆ ಬಂದು ಹೋಗಿ ಮಾಡಿದ. ನೋವಿಲ್ಲದವನನ್ನು ಮನೆಯಲ್ಲಿ ಕೂಡ್ರಿಸುವುದು ಹೇಗೆ? ಮೊದಲು ಒಂದು ಬೆರಳು ಹೋಯಿತು. ಎರಡು ತಿಂಗಳಲ್ಲಿ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. 2013ರಲ್ಲಿ ಅಣ್ಣ ತೀರಿಕೊಂಡ.

ಬರೀ ದವಾಖಾನೆಯವರನ್ನು ದೂರಿ ಉಪಯೋಗವಿಲ್ಲ. ದಿನಾ ಕೀರ್ದಿ ಖಾತೆ ನೋಡುವ ನಾವು, ಒಂದೇ ಗಾದಿಯ ಮೇಲೆ ಪಕ್ಕದಲ್ಲಿ ಕೂಡುವ ಅಣ್ಣನ ಅಂಗಾಲನ್ನು ಒಂದು ದಿನವೂ ನೋಡಿರಲಿಲ್ಲ.

ಈ ವಿದ್ಯೆ ಎಲ್ಲಿಂದ ಬಂತು?

ನಮ್ಮ ಶರೀರದಲ್ಲಿ 206 ಎಲುಬುಗಳು. ಅದರಲ್ಲಿ ಒಂದೊಂದು ಪಾದದಲ್ಲಿ 26. ಅಂದರೆ ಎರಡು ಪಾದ ಸೇರಿ 52, ಇಡೀ ಶರೀರದ ಕಾಲು ಭಾಗ! ಒಂದು ಪಾದದಲ್ಲಿ 33 ಕೀಲುಗಳು. ಇಷ್ಟು ಸೂಕ್ಷ್ಮ ರಚನೆ ಇಡೀ ಮೈಯ ಭಾರ ಹೊರುತ್ತದೆ.

ಹಿಂದೆ ಯುರೋಪ್, ಅಮೆರಿಕದಲ್ಲಿ ಆಣಿ ಕೆತ್ತುವವರು, ಉಗುರು ಸರಿ ಮಾಡುವವರು ಬೇರೆಯೇ ಇದ್ದರು. ಅವರಿಗೆ ಕಿರೋಪೊಡಿಸ್ಟ್ ಎನ್ನುತ್ತಿದ್ದರು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಕಾಲಿಗೂ 1862ರಲ್ಲಿ ಐಸಾಕರ್ ಝಕಾರಿ ಎಂಬ ಇಂಥವರೊಬ್ಬರು ಉಪಚಾರ ಮಾಡಿದರು. ಲಿಂಕನ್ ಅವರಿಗೆ ಮೆಚ್ಚಿಕೆಯ ಚೀಟಿ ಬರೆದುಕೊಟ್ಟದ್ದು ಇತಿಹಾಸದಲ್ಲಿದೆ. 1895ರಲ್ಲಿ ನ್ಯೂಯಾರ್ಕಿನಲ್ಲಿ ಇವರ ಸಂಘ ಹುಟ್ಟಿತು, 1911ರಲ್ಲಿ ಅಲ್ಲಿಯೇ ಕಾಲೇಜು ಆರಂಭವಾಯಿತು.

ನಮ್ಮಂಥ ವ್ಯಾಪಾರಸ್ಥರಿಗೆ ಹಿಡಿಸುವ ಸಂಗತಿ ಇನ್ನೊಂದಿದೆ. 1882ರಲ್ಲಿ ಹುಟ್ಟಿದ ವಿಲಿಯಂ ಶೋಲ್ ಎಂಬವರು ತರುಣರಿದ್ದಾಗ ಶಿಕಾಗೋ ನಗರದ ಬೂಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗಿರಾಕಿಗಳ ಕಾಲು ನೋಡಿ ನೋಡಿ, ಇಷ್ಟು ಜನ ನೋಯುವ ಕಾಲಿನಲ್ಲೇ ನಡೆಯುತ್ತಿದ್ದಾರಲ್ಲ ಎಂದು ಅವರ ತಲೆಗೆ ಹತ್ತಿತು. ಪಾದದ ಕಮಾನಿಗೆ ಆಧಾರ ಕೊಡುವ ಒಂದು ಸಾಧನ ಮಾಡಿದರು, ವೈದ್ಯಕೀಯ ಓದಿದರು, ಕಂಪನಿ ಕಟ್ಟಿದರು. ಶೋಲ್ ಹೆಸರಿನ ಚಪ್ಪಲಿ, ಬೂಟಿನ ಮೆತ್ತೆಗಳು ನಮ್ಮ ದೊಡ್ಡ ಊರುಗಳ ಅಂಗಡಿಗೂ ಬಂದವು. 1912ರಲ್ಲಿ ಅವರು ಆರಂಭಿಸಿದ ಪಾದವೈದ್ಯ ಕಾಲೇಜು ಇಂದಿಗೂ ಅವರ ಹೆಸರಿನಲ್ಲೇ, ಶಿಕಾಗೋ ಹತ್ತಿರದ ರೊಸಾಲಿಂಡ್ ಫ್ರಾಂಕ್ಲಿನ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ.

ಓದಿನ ದಾರಿ

ಅಲ್ಲಿ ಹನ್ನೆರಡನೆಯ ತರಗತಿಯಾದ ಕೂಡಲೇ ಡಾಕ್ಟರಕಿಗೆ ಸೇರಲು ಬರುವುದಿಲ್ಲ. ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ. ಅದರಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಆಗಿರಬೇಕು. ಬಳಿಕ ಎಂಕ್ಯಾಟ್ ಎಂಬ ಪರೀಕ್ಷೆ. ಎಂ.ಡಿ. ಓದುವವರಿಗೂ ಅದೇ ಪರೀಕ್ಷೆ. ಅರ್ಜಿ ಹಾಕುವ ಮೊದಲು ಒಬ್ಬ ಪಾದವೈದ್ಯರ ಬೆನ್ನಿಗಿದ್ದು ಅವರ ಕೆಲಸ ನೋಡಿರಬೇಕೆಂದು ಕಾಲೇಜಿನವರು ಅಪೇಕ್ಷಿಸುತ್ತಾರೆ. ನಮ್ಮ ಹುಡುಗಿ ಹಾಗೆ ನೋಡಲು ಹೋಗಿಯೇ ಈ ದಾರಿ ಹಿಡಿದದ್ದು.

ಇಡೀ ಅಮೆರಿಕದಲ್ಲಿ ಈ ಕಾಲೇಜುಗಳು ಹತ್ತು-ಹನ್ನೊಂದು ಮಾತ್ರ. ನ್ಯೂಯಾರ್ಕ್, ಫಿಲಡೆಲ್ಫಿಯಾದ ಟೆಂಪಲ್, ಓಹಾಯೋದ ಕೆಂಟ್ ಸ್ಟೇಟ್, ಫ್ಲೋರಿಡಾದ ಬ್ಯಾರಿ, ಅಯೋವಾದ ಡಿ ಮೊಯಿನ್, ಕ್ಯಾಲಿಫೋರ್ನಿಯಾದಲ್ಲಿ ಎರಡು, ಹೀಗೆ. ಓದು ನಾಲ್ಕು ವರ್ಷ. ಮೊದಲ ಎರಡು ವರ್ಷ ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ, ರೋಗಶಾಸ್ತ್ರ ಎಲ್ಲವೂ ಇಡೀ ದೇಹದ್ದು. ಅದರ ಮೇಲೆ ಸೊಂಟದ ಕೆಳಗಿನ ಅಂಗರಚನೆ ವಿಶೇಷವಾಗಿ. ಎರಡು ವರ್ಷವಾದ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆಯ ಮೊದಲ ಭಾಗ. ಮೂರು, ನಾಲ್ಕನೆಯ ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ. ಮನುಷ್ಯ ನಡೆಯುವ ರೀತಿಯನ್ನೇ ಒಂದು ಶಾಸ್ತ್ರವಾಗಿ ಕಲಿಸುತ್ತಾರೆ: ಹಿಮ್ಮಡಿ ಹೇಗೆ ಊರುತ್ತದೆ, ಭಾರ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಬೂಟು ಯಾವ ಅಂಚಿನಲ್ಲಿ ಸವೆದಿದೆ ಎಂದು.

ಇಷ್ಟಾದರೆ ಡಿ.ಪಿ.ಎಂ. ಎಂಬ ಪದವಿ ಸಿಗುತ್ತದೆ. ಆದರೆ ಕೆಲಸ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ ಮಾಡಬೇಕು. ಅದಕ್ಕೆ ಸಂಬಳವುಂಟು. ಯಾರಿಗೆ ಯಾವ ಆಸ್ಪತ್ರೆ ಎಂಬುದು, ವಿದ್ಯಾರ್ಥಿಗಳ ಆಯ್ಕೆ, ಆಸ್ಪತ್ರೆಗಳ ಆಯ್ಕೆ ಎರಡನ್ನೂ ಹೊಂದಿಸಿ ಪ್ರತಿ ಮಾರ್ಚಿನಲ್ಲಿ ಗೊತ್ತಾಗುತ್ತದೆ. ಆಮೇಲೆ ರಾಜ್ಯದ ಪರವಾನಗಿ. ನಮ್ಮ ಹುಡುಗಿ 2024ರ ಆಗಸ್ಟಿನಲ್ಲಿ ಸೇರಿದಳು. ಎಲ್ಲ ಸರಿಯಾದರೆ 2028ಕ್ಕೆ ಪದವಿ, 2031ಕ್ಕೆ ಪೂರ್ಣ ವೈದ್ಯೆ.

ಖರೇ ಡಾಕ್ಟರಕಿ ಹೌದೋ ಅಲ್ಲವೋ?

ಸಾಂಗ್ಲಿಯವರ ಪ್ರಶ್ನೆಗೆ ಉತ್ತರ: ಎಂ.ಡಿ. ಅಲ್ಲ, ಆದರೆ ಖರೇ ಡಾಕ್ಟರಕಿ. ಅವರು ರೋಗ ಗುರುತಿಸುತ್ತಾರೆ, ಔಷಧ ಬರೆದುಕೊಡುತ್ತಾರೆ, ಎಕ್ಸ್-ರೇ ನೋಡುತ್ತಾರೆ, ಶಸ್ತ್ರಕ್ರಿಯೆ ಮಾಡುತ್ತಾರೆ. ಮಿತಿ ಇರುವುದು ಅಂಗದಲ್ಲಿ. ಎಲ್ಲ ರಾಜ್ಯಗಳಲ್ಲೂ ಪಾದ, ಹೆಚ್ಚಿನ ರಾಜ್ಯಗಳಲ್ಲಿ ಕಾಲಿನ ಹರಡು ಕೂಡ. ಎಷ್ಟು ಮೇಲಿನ ತನಕ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮಲ್ಲಿ ಹಲ್ಲಿನ ಡಾಕ್ಟರರು ಎಂ.ಬಿ.ಬಿ.ಎಸ್. ಓದದೆ ಬೇರೆ ಪದವಿ ಪಡೆದು ಬಾಯಿಯ ಶಸ್ತ್ರಕ್ರಿಯೆ ಮಾಡುವುದಿಲ್ಲವೇ? ಹಾಗೆ. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ 2018ರ ಕಾಯ್ದೆಯಂತೆ ಇವರಿಗೆ ಉಳಿದ ವೈದ್ಯರ ಸಾಲಿನಲ್ಲೇ ವೇತನಶ್ರೇಣಿ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆ. ಈ ಪದವಿ ಹಿಡಿದು ಭಾರತಕ್ಕೆ ಬಂದು ಡಾಕ್ಟರರಾಗಿ ಬೋರ್ಡು ಹಾಕುತ್ತೇವೆಂಬ ಲೆಕ್ಕ ಬೇಡ. ನಮ್ಮಲ್ಲಿ ಪಾದಕ್ಕೆಂದೇ ಅಂಥ ಪ್ರತ್ಯೇಕ ಪದವಿ ವ್ಯವಸ್ಥೆಯಿಲ್ಲ. ಇಲ್ಲಿ ಡಿ.ಪಿ.ಎಂ. ಎಂದರೆ ಮನೋರೋಗ ಚಿಕಿತ್ಸೆಯ ಡಿಪ್ಲೊಮಾ ಎಂದೇ ವೈದ್ಯರು ತಿಳಿಯುತ್ತಾರೆ! ಇಲ್ಲಿ ಕಾಲಿನ ಕೆಲಸ ಮಾಡುವವರು ಎಂ.ಬಿ.ಬಿ.ಎಸ್. ಓದಿ ಶಸ್ತ್ರವೈದ್ಯ ಅಥವಾ ಮಧುಮೇಹ ತಜ್ಞರಾಗಿ ಮುಂದೆ ತರಬೇತಿ ಪಡೆದವರು. ಬೆಂಗಳೂರಿನ ಸರ್ಕಾರಿ ಎಂಡೊಕ್ರೈನಾಲಜಿ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಇಂಗ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಮೂರು ವರ್ಷದ ಬಿ.ಎಸ್ಸಿ. ಓದಿ ಪೋಡಿಯಾಟ್ರಿಸ್ಟ್ ಆಗುತ್ತಾರೆ. ಹೆಸರು ಒಂದೇ ಎಂದು ಮೋಸ ಹೋಗಬಾರದು.

ಜಮಾ-ಖರ್ಚು

ಕಾಲೇಜಿನ ಫೀ ವರ್ಷಕ್ಕೆ ಸಾಮಾನ್ಯವಾಗಿ 40 ಸಾವಿರ ಡಾಲರಿನ ಮೇಲೆ. ಇರುವ, ಉಣ್ಣುವ ಖರ್ಚು ಬೇರೆ. ನಾಲ್ಕು ವರ್ಷಕ್ಕೆ ಎರಡು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಹೆಚ್ಚಿನವರು ಸಾಲ ಮಾಡಿಯೇ ಓದುತ್ತಾರೆ. ಅಲ್ಲಿಯ ಕೇಂದ್ರ ಸರ್ಕಾರದ ಸಾಲ ನಾಗರಿಕರಿಗೆ ಮತ್ತು ಕಾಯಂ ವಾಸಿಗಳಿಗೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅದು ಸಿಗದು. ಅದೂ ಅಲ್ಲದೆ 2025ರಲ್ಲಿ ಕಾಯ್ದೆ ಬದಲಾಯಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಇಂಥ ವೃತ್ತಿ ಶಿಕ್ಷಣಕ್ಕೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿನ ಮಿತಿ ಹಾಕಿದ್ದಾರೆ. ಉಳಿದದ್ದನ್ನು ಮನೆಯವರು ಹೊಂದಿಸಬೇಕು, ಇಲ್ಲವೇ ಖಾಸಗಿ ಬ್ಯಾಂಕಿನ ಬಡ್ಡಿಗೆ ಹೋಗಬೇಕು. ಕಾಲೇಜಿನ ಚಿತ್ರ ನೋಡಿ ಹಿಗ್ಗುವ ಮೊದಲು ತಂದೆ-ತಾಯಿ, ಮಗ-ಮಗಳು ಒಂದೆಡೆ ಕೂತು ಈ ಲೆಕ್ಕ ಮಾಡಬೇಕು. ನಮ್ಮ ಅಣ್ಣನ ಮಗ ಮಗಳನ್ನು ಕೂಡ್ರಿಸಿಕೊಂಡು ಏಳು ವರ್ಷದ ಕೋಷ್ಟಕ ಹಾಕಿದ. ಅದರ ಒಂದು ಪ್ರತಿ ನಮಗೂ ಕಳಿಸಿದ. ಸಾಲದ ಅಂಕಿ ನೋಡಿ ಒಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂಬುದು ನಿಜ.

ನಮ್ಮ ದೇಶದ ಋಣ

ಈ ವಿದ್ಯೆಯಲ್ಲಿ ನಮ್ಮ ನೆಲದ ಪಾಲೂ ಇದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ಬೆರಳುಗಳು ರೋಗದಿಂದಲೇ ಉದುರುತ್ತವೆಂದು ಜನ ನಂಬಿದ್ದರು. ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗಿ ಅವು ಹಾಳಾಗುತ್ತವೆಂದು ಬ್ರ್ಯಾಂಡ್ ತೋರಿಸಿಕೊಟ್ಟರು. ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಬಳಕೆಗೆ ಬಂದದ್ದೂ ಆ ಕೆಲಸದಿಂದಲೇ. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿಯ ಕುಷ್ಠ ಆಸ್ಪತ್ರೆಗೆ ಹೋದರು. ಸಕ್ಕರೆ ರೋಗಿಗಳ ಕಾಲಿಗೂ ಇದೇ ಕಥೆಯೆಂದು ಅಲ್ಲಿ ಕಂಡುಕೊಂಡರು. ಗಾಯವಾದ ಕಾಲಿಗೆ ಭಾರ ಬೀಳದಂತೆ ಮಾಡಿದರೆ ಗಾಯ ಮಾಯುತ್ತದೆ ಎಂಬ ಪಾಠ ಹೀಗೆ ವೆಲ್ಲೂರಿನಿಂದ ಅಮೆರಿಕಕ್ಕೆ ಹೋಯಿತು. ವೆಲ್ಲೂರು ನಮ್ಮೂರಿಗೆ ಒಂದು ದಿನದ ರೈಲು ದಾರಿ. ಆದರೂ ಆ ಮಾತು ಅಣ್ಣನ ತನಕ ಬಂದು ಮುಟ್ಟಲಿಲ್ಲ.

ನಮ್ಮ ಸಮಾಜವೂ ಕಾಲಿನ ಸೇವೆಯಲ್ಲಿ ಹಿಂದೆ ಬಿದ್ದಿಲ್ಲ. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ ಜೈಪುರ ಕಾಲು ಮಾಡಿದರು. 1975ರಲ್ಲಿ ಶ್ರೀ ಡಿ.ಆರ್. ಮೆಹತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿ ಅದನ್ನು ಬಡವರಿಗೆ ಉಚಿತವಾಗಿ ಮುಟ್ಟಿಸಿದರು. ನಮ್ಮ ಅಣ್ಣ ಕೊನೆಯ ಎರಡು ವರ್ಷ ಅಂಗಡಿಯ ಮೆಟ್ಟಿಲು ಹತ್ತಿದ್ದು ಅಂಥ ಕಾಲಿನ ಮೇಲೆಯೇ. ಆದರೆ ಕಾಲು ಹೋದ ಮೇಲೆ ಕಾಲು ಕೊಡುವುದು ಎಷ್ಟು ದೊಡ್ಡ ಪುಣ್ಯವೋ, ಇರುವ ಕಾಲು ಹೋಗದಂತೆ ಕಾಯುವುದೂ ಅಷ್ಟೇ ದೊಡ್ಡದಲ್ಲವೇ?

ಅಕ್ಕಲಕೋಟದಲ್ಲಿ ಒಂದು ಬೆಳಗ್ಗೆ

2024ರ ಡಿಸೆಂಬರ್ ರಜೆಯಲ್ಲಿ ಹುಡುಗಿ ಊರಿಗೆ ಬಂದಳು. ಬಂದ ಕೂಡಲೇ ಆಯಿಯ ಪಾದ ಮುಟ್ಟಿ ನಮಸ್ಕರಿಸಿದಳು. ವೈನಿಯವರು ತಲೆ ಸವರಿದರೂ ಮನಸ್ಸಿನ ಮಾತು ಬಿಡಲಿಲ್ಲ. "ಹೆಣ ಕುಯ್ಯತೀಯಂತ? ಹಿಂಸಾ ಅಲ್ಲೇನು?" ಎಂದರು.

"ಯಾರನ್ನೂ ಕೊಂದಿಲ್ಲ ಆಯಿ. ಸಾಯೋಕ್ಕಿಂತ ಮೊದಲ ತಮ್ಮ ದೇಹಾ ದಾನ ಬರೆದು ಕೊಟ್ಟವರು. ನಾವು ಅವರಿಗೆ ನಮ್ಮ ಮೊದಲ ಗುರು ಅಂತೀವಿ" ಎಂದಳು. ಅವಳ ಕನ್ನಡ ಮುರುಕು. ಆದರೆ ಮಾತು ಸ್ಪಷ್ಟವಾಗಿತ್ತು.

ಮರುದಿನ ಬೆಳಗ್ಗೆ ಅಂಗಳದ ಬಿಸಿಲಿನಲ್ಲಿ ವೈನಿಯವರನ್ನು ಕುರ್ಚಿಯಲ್ಲಿ ಕೂಡ್ರಿಸಿದಳು. ತಾನು ನೆಲದ ಮೇಲೆ ಕುಳಿತು, ಅವರ ಪಾದ ತನ್ನ ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದಳು. ವೈನಿ ಕಾಲು ಹಿಂದಕ್ಕೆ ಎಳೆದರು. "ಬ್ಯಾಡವ್ವಾ, ಹೊಲಸು ಕಾಲು."

"ನಿನ್ನೆ ನಮಸ್ಕಾರ ಮಾಡೋವಾಗ ಇದೇ ಕಾಲು ಅಲ್ಲೇನು ಆಯಿ?"

ವೈನಿಯವರಿಗೂ ಸಕ್ಕರೆ ರೋಗ ಬಂದು ಹನ್ನೆರಡು ವರ್ಷವಾಗಿತ್ತು. ಹುಡುಗಿ ಚೀಲದಿಂದ ಒಂದು ಹಿಡಿಕೆ ತೆಗೆದಳು. ಅದರ ತುದಿಗೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುತ್ತದೆ, ಚುಚ್ಚುವುದಿಲ್ಲ. 1980ರ ದಶಕದಲ್ಲಿ ಅದೇ ಕಾರ್ವಿಲ್ ಆಸ್ಪತ್ರೆಯವರು ಈ ಪರೀಕ್ಷೆಯನ್ನು ಬೆಳೆಸಿದರಂತೆ. ಕಣ್ಣು ಮುಚ್ಚಿರಿ, ಮುಟ್ಟಿದ್ದು ತಿಳಿದಾಗ "ಹೂಂ" ಎನ್ನಿರಿ ಎಂದಳು. ನಾವು ಪಕ್ಕದಲ್ಲಿ ನಿಂತು ನೋಡುತ್ತಿದ್ದೆವು. ಬಲಗಾಲಿಗೆ ಎಲ್ಲ ಕಡೆ "ಹೂಂ" ಬಂತು. ಎಡಗಾಲಿನ ಹೆಬ್ಬೆರಳಿಗೆ ಎಳೆ ಬಾಗಿತು, ವೈನಿ ಸುಮ್ಮನಿದ್ದರು. ಬೆರಳ ಬುಡದಲ್ಲಿ ಬಾಗಿತು, ಸುಮ್ಮನಿದ್ದರು. ಇನ್ನೊಂದು ಕಡೆ ಮುಟ್ಟಿದಾಗಲೂ ಅಷ್ಟೇ. "ಇನ್ನೂ ಸುರು ಮಾಡಿಲ್ಲೇನವ್ವಾ?" ಎಂದು ಕೇಳಿದರು.

ನಮಗೆ ಪಲ್ಲಕ್ಕಿಯ ಜೊತೆ ಶಾಂತವಾಗಿ ನಡೆದ ಅಣ್ಣ ಕಣ್ಣ ಮುಂದೆ ಬಂದ.

"ನಾನಿನ್ನೂ ಡಾಕ್ಟರ್ ಅಲ್ಲ, ಮೊದಲ ವರ್ಷದಾಕಿ. ನೀವು ನಾಳೇನ ಡಾಕ್ಟರ್ ಹತ್ರ ತೋರಸ್ರಿ" ಎಂದಳು ಹುಡುಗಿ. ಸೊಲ್ಲಾಪುರಕ್ಕೆ ಕರೆದೊಯ್ದೆವು. ಅಲ್ಲಿಯ ಮಧುಮೇಹ ತಜ್ಞರು ಪರೀಕ್ಷಿಸಿ, ಎಡಪಾದದ ಸ್ಪರ್ಶ ಕಡಿಮೆಯಾಗಿದೆ, ಗಾಯವಿಲ್ಲ, ರಕ್ತ ಹರಿಯುವುದು ಸರಿಯಾಗಿದೆ, ಸಕಾಲಕ್ಕೆ ಬಂದಿರಿ ಎಂದರು. ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟರು. ಅಂದಿನಿಂದ ವೈನಿಯವರು ಕಾಲು ಹಿಡಿಯುವ ವಿದ್ಯೆಯ ಮಾತು ಎತ್ತಿಲ್ಲ. ಸಾಂಗ್ಲಿಯವರು ಮತ್ತೆ ವಿಚಾರಿಸಲಿಲ್ಲ. ನಾವೂ ಹೇಳಿಕಳಿಸಲಿಲ್ಲ.

ನಮ್ಮ ಮನೆಗಳಿಗೆ ನಾಲ್ಕು ಮಾತು

ನಾವು ಪಾದವನ್ನು ಪೂಜಿಸುವ ಜನ. ಇಪ್ಪತ್ತು ತೀರ್ಥಂಕರರು ಮುಕ್ತಿಗೆ ಹೋದ ಶಿಖರ್ಜಿಯಲ್ಲಿ ಟೋಂಕುಗಳ ಮೇಲೆ ನಾವು ವಂದಿಸುವುದು ಚರಣಗಳಿಗೆ. ಶ್ರವಣಬೆಳಗೊಳದ ಚಂದ್ರಗಿರಿಯ ಗವಿಯಲ್ಲಿ ಭದ್ರಬಾಹು ಸ್ವಾಮಿಗಳ ಪಾದಗಳಿಗೆ ಹಣೆ ಹಚ್ಚುತ್ತೇವೆ. ಮುನಿಮಹಾರಾಜರು ಊರಿಗೆ ಬಂದರೆ ಅವರ ಪಾದ ತೊಳೆಯುತ್ತೇವೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಲ್ಲಿ ಹತ್ತುತ್ತೇವೆ. ಅದು ಬಿಡಬೇಕಾದ್ದಲ್ಲ. ಆದರೆ ಸಕ್ಕರೆ ರೋಗವಿದ್ದವರು ಬಿಸಿಲೇರುವ ಮೊದಲೇ ದರ್ಶನ ಮುಗಿಸಬೇಕು. ಸ್ಪರ್ಶ ಕಡಿಮೆಯಾಗಿದ್ದರೆ ಕ್ಷೇತ್ರದವರಿಗೆ ಹೇಳಿ ದಪ್ಪ ಅರಿವೆಯ ಕಾಲುಚೀಲ ಹಾಕಿಕೊಳ್ಳಬೇಕು. ನಮ್ಮ ವೈನಿಯವರು ಈಗ ಹಾಗೇ ಮಾಡುತ್ತಾರೆ. ಬಸದಿಯ ಪಂಡಿತರು ಬೇಡವೆನ್ನಲಿಲ್ಲ.

ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಕಾಲು ಜುಮುಗುಟ್ಟುತ್ತದೆಂದು ಬಿಸಿನೀರಿನಲ್ಲಿ ಇಳಿಬಿಡಬಾರದು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಚಪ್ಪಲಿಯನ್ನು ಸಂಜೆ ಕೊಳ್ಳಬೇಕು, ಸಂಜೆಗೆ ಪಾದ ತುಸು ಊದಿರುತ್ತದೆ. ಬೂಟಿನೊಳಗೆ ಕೈ ಹಾಕಿ ಹರಳಿದೆಯೇ ನೋಡಿ ಮೆಟ್ಟಬೇಕು. ವರ್ಷಕ್ಕೊಮ್ಮೆಯಾದರೂ ಡಾಕ್ಟರರಿಗೆ ಪಾದ ತೋರಿಸಬೇಕು. ಸಣ್ಣ ಗಾಯಕ್ಕೂ ಅದೇ ದಿನ ಹೋಗಬೇಕು.

ಇನ್ನು ಮಕ್ಕಳ ಓದಿನ ಮಾತು. ಹೆಸರು ಕೇಳಿರದ ವಿದ್ಯೆಯೆಂದು ಮೂಗು ಮುರಿಯಬಾರದು. ಹೆಸರು ದೊಡ್ಡದೆಂದು ಸಾಲಕ್ಕೆ ಧುಮುಕಲೂಬಾರದು. ನಮ್ಮ ಹುಡುಗಿಯ ಸಾಲ ಇನ್ನೂ ಏರುತ್ತಲೇ ಇದೆ, ರೆಸಿಡೆನ್ಸಿ ಎಲ್ಲಿ ಸಿಗುವುದೋ ಗೊತ್ತಿಲ್ಲ. ಆ ಚಿಂತೆ ತೀರಿತೆಂದು ನಾವು ಹೇಳಲಾರೆವು. ಆದರೆ ಅವಳು ಆರಿಸಿಕೊಂಡ ಕೆಲಸ ಸಣ್ಣದೆಂದು ನಮ್ಮ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ನಾವೂ ವೈನಿಯವರೂ ಪಡಸಾಲೆಯಲ್ಲಿ ಕೂಡುತ್ತೇವೆ. ಅಂಗಾಲು ಕಾಣಲೆಂದು ಸಣ್ಣ ಕನ್ನಡಿಯೊಂದನ್ನು ತಂದಿಟ್ಟಿದ್ದೇವೆ. ಎರಡು ನಿಮಿಷದ ಕೆಲಸ. ನಿಮ್ಮ ಮನೆಯ ಹಿರಿಯರ ಪಾದವನ್ನು ಇಂದು ಸಂಜೆಯೇ ಒಮ್ಮೆ ನೋಡಿರಿ ಎಂದು ಸಮಾಜ ಬಾಂಧವರಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇವೆ.

ಜೈ ಜಿನೇಂದ್ರ.